ನೆನಪಿನ ಊರನ್ನು ಕಟ್ಟಿದ ಶಂಕರ್ ನಾಗ್

ಒಂದು ತಲೆಮಾರಿನ ಜನಕ್ಕೆ ಬಾಲ್ಯವೆಂದೊಡನೆ ಒಂದು ರಾಗ ನೆನಪಾಗುತ್ತದೆ. ಆ ರಾಗದ ಹಿಂದೆಯೇ ರೇಖಾಚಿತ್ರಗಳು ಒಂದೊಂದಾಗಿ ಕಣ್ಣಮುಂದೆ ಬರುತ್ತವೆ. ಆಮೇಲೆ ಹೆಂಚಿನ ಮಾಡಿನ ಮನೆಗಳು, ಕೆಮ್ಮಣ್ಣಿನ ಬೀದಿ, ಟೋಪಿ ತೊಟ್ಟು ಕೋಟು ಹಾಕಿಕೊಂಡ ಹುಡುಗ, ಕುದುರೆಯೇರಿ ನಿಂತ ದೊರೆಯ ಪ್ರತಿಮೆ. ಇವರು ಇಂದು ಐವತ್ತರ ಆಸುಪಾಸಿನಲ್ಲಿರುವ ಜನ. ತಲೆಗೂದಲು ನೆರೆಯುತ್ತಿದೆ, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಸ್ವಂತ ಊರಿನ ಹಳೆಯ ಮನೆ ಮಾರಾಟವಾಗಿರಬಹುದು, ಓದಿದ ಶಾಲೆಯ ಕಟ್ಟಡ ಕೆಡವಿ ಹೊಸದು ಕಟ್ಟಿರಬಹುದು. ಆದರೆ ಮಾಲ್ಗುಡಿ ಮಾತ್ರ ಹೇಗಿತ್ತೋ ಹಾಗೆಯೇ ಇದೆ.

ಆ ಮಾಲ್ಗುಡಿಯನ್ನು ಕಾಗದದ ಮೇಲೆ ಕಟ್ಟಿದವರು ಆರ್. ಕೆ. ನಾರಾಯಣ್. ಅದನ್ನು ಮಣ್ಣಿನ ಮೇಲೆ ಕಟ್ಟಿ, ದೂರದರ್ಶನದ ಪೆಟ್ಟಿಗೆಯೊಳಗೆ ಇಳಿಸಿ, ನಾಡಿನ ಮಕ್ಕಳ ಕೈಗೆ ಕೊಟ್ಟವರು ಶಂಕರ್ ನಾಗ್. ಅವರು ತೀರಿಕೊಂಡಾಗ ಅವರಿಗೆ ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನಗಳಿದ್ದವು. ಅಂದು ಅವರನ್ನು ತೆರೆಯ ಮೇಲೆ ಕಂಡು ಬೆರಗಾದ ಮಕ್ಕಳೆಲ್ಲರೂ ಇಂದು ಅವರಿಗಿಂತ ಹಿರಿಯರಾಗಿದ್ದಾರೆ. ಅಣ್ಣನಂತೆ ಕಂಡವರು ಈಗ ತಮ್ಮನ ವಯಸ್ಸಿನವರಾಗಿ ತೋರುತ್ತಾರೆ; ಇನ್ನು ಕೆಲವು ವರ್ಷ ಕಳೆದರೆ ಮಗನ ವಯಸ್ಸಿನವರಾಗಿಯೂ ತೋರಿಯಾರು. ಈ ವಿಚಿತ್ರವಾದ ನೋವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರ ಬಾಳನ್ನು ಇಲ್ಲಿ ಸ್ಮರಿಸಬೇಕಾಗಿದೆ.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ; ತಂದೆ ಸದಾನಂದ, ತಾಯಿ ಆನಂದಿ. ಮನೆಯ ಮಾತು ಕೊಂಕಣಿ, ಸುತ್ತಲ ಮಾತು ಕನ್ನಡ. ಅಣ್ಣ ಅನಂತ ಅವರಿಗಿಂತ ಆರು ವರ್ಷ ಹಿರಿಯ. ಕಡಲು, ತೆಂಗು, ಗದ್ದೆ, ಯಕ್ಷಗಾನದ ಚೆಂಡೆಯ ದನಿ ಇವುಗಳ ನಡುವೆ ಬೆಳೆಯುವ ಮಕ್ಕಳಿಗೆ ವೇಷ ಕಟ್ಟಿ ಕುಣಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಅಣ್ಣತಮ್ಮಂದಿರನ್ನು ನಟರನ್ನಾಗಿ ತಿದ್ದಿದ್ದು ಕರಾವಳಿಯಲ್ಲ, ಮುಂಬಯಿ.

ಅಂದಿನ ಮುಂಬಯಿ ಕರಾವಳಿಯ ಹುಡುಗರಿಗೆ ಹೊಟ್ಟೆಪಾಡಿನ ಊರು. ಹೋಟೆಲು, ಬ್ಯಾಂಕು, ಗಿರಣಿ, ಕಚೇರಿ ಎಲ್ಲೆಂದರಲ್ಲಿ ಅವರು ದುಡಿಯುತ್ತಿದ್ದರು. ಶಂಕರ್ ಕೂಡ ಕೆಲಕಾಲ ಬ್ಯಾಂಕಿನ ನೌಕರಿಯಲ್ಲಿದ್ದರು. ಹಗಲು ಲೆಕ್ಕದ ಪುಸ್ತಕ, ಸಂಜೆ ನಾಟಕದ ತಾಲೀಮು. ಮರಾಠಿ ರಂಗಭೂಮಿಗೆ ಅದು ಹುರುಪಿನ ಕಾಲ. ಹೊಸ ನಾಟಕಕಾರರು ಬರೆಯುತ್ತಿದ್ದರು, ಹೊಸ ತಂಡಗಳು ಹುಟ್ಟುತ್ತಿದ್ದವು, ನೋಡುವ ಜನ ಟಿಕೆಟು ಕೊಂಡು ಬರುತ್ತಿದ್ದರು. ಆ ಗರಡಿಯಲ್ಲಿ ಶಂಕರ್ ಪಳಗಿದರು. ಅಲ್ಲಿಯೇ ಅವರಿಗೆ ಅರುಂಧತಿಯವರ ಪರಿಚಯವಾಯಿತು. ರಂಗದ ಮೇಲಿನ ಗೆಳೆತನ 1980ರಲ್ಲಿ ಮದುವೆಯಾಗಿ ನೆಲೆನಿಂತಿತು. ಚಾಪೇಕರ್ ಸಹೋದರರ ಕಥೆಯನ್ನು ಹೇಳುವ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರ ಕೈಯಿತ್ತು. ಅವರು ನಟಿಸುವುದನ್ನಷ್ಟೇ ಅಲ್ಲ, ಕಟ್ಟುವುದನ್ನೂ ಕಲಿತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡಕ್ಕೆ ಅವರನ್ನು ಕರೆತಂದವರು ಗಿರೀಶ ಕಾರ್ನಾಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕೂಲಿಗಾಗಿ ಕತ್ತಿ ಹಿಡಿಯುವ ಗಂಡುಗಲಿಯ ಪಾತ್ರ ಅವರದಾಯಿತು. ಇಪ್ಪತ್ತನಾಲ್ಕರ ಹರೆಯದ ಹುಡುಗ, ಮೊದಲ ಕನ್ನಡ ಚಿತ್ರ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಆ ಪಾತ್ರಕ್ಕೆ ಸಂದಿತು. ಇಂಥ ಆರಂಭ ದೊರೆತ ನಟನೊಬ್ಬ ಆಯ್ದ ಪಾತ್ರಗಳನ್ನಷ್ಟೇ ಒಪ್ಪಿಕೊಂಡು, ಪಂಡಿತರ ಮೆಚ್ಚುಗೆಯಲ್ಲಿ ಸುಖವಾಗಿ ಇದ್ದುಬಿಡಬಹುದಾಗಿತ್ತು. ಶಂಕರ್ ಹಾಗೆ ಮಾಡಲಿಲ್ಲ.

ಅವರು ನೇರವಾಗಿ ಜನರ ನಡುವಿಗೆ ಇಳಿದರು. ‘ಸೀತಾರಾಮು’, ‘ಆಟೋ ರಾಜ’ ಮುಂತಾದ ಚಿತ್ರಗಳು ಅವರನ್ನು ಊರೂರಿನ ಟೆಂಟುಗಳಿಗೆ ಕೊಂಡೊಯ್ದವು. 1980ರ ‘ಆಟೋ ರಾಜ’ ಬಂದ ಮೇಲೆ ಆಟೋರಿಕ್ಷಾ ನಡೆಸುವವರು ಅವರನ್ನು ತಮ್ಮವರೆಂದೇ ತಿಳಿದರು. ರಿಕ್ಷಾದ ಬೆನ್ನಿನ ಮೇಲೆ ಅವರ ಚಿತ್ರ ಬರೆಸುವ ರೂಢಿ ಬಂದಿತು. ಆಟೋ ನಿಲ್ದಾಣಗಳಿಗೆ ಅವರ ಹೆಸರು ಬಂದಿತು. ಆ ರೂಢಿ ಇಂದಿಗೂ ಅಳಿದಿಲ್ಲ. ಹೊಡೆದಾಟದ ಚಿತ್ರಗಳಿಂದ ಕರಾಟೆ ವೀರನೆಂಬ ಬಿರುದೂ ಅಂಟಿಕೊಂಡಿತು. ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳ ಸಂಖ್ಯೆ 80ರ ಆಸುಪಾಸಿನಲ್ಲಿದೆ. ಇವುಗಳಲ್ಲಿ ಹಲವು ಸಾಧಾರಣವಾದವು ಎಂದು ಒಪ್ಪಿಕೊಳ್ಳುವುದರಿಂದ ಅವರ ಕೀರ್ತಿಗೇನೂ ಕುಂದಿಲ್ಲ. ಆ ಚಿತ್ರಗಳು ಅವರಿಗೆ ಹಣ ತಂದುಕೊಟ್ಟವು, ಜನರನ್ನು ತಂದುಕೊಟ್ಟವು. ಅವೆರಡನ್ನೂ ಅವರು ಬೇರೆ ಕೆಲಸಗಳಿಗೆ ಸುರಿದರು.

ಆ ಬೇರೆ ಕೆಲಸಗಳ ಪಟ್ಟಿ ಉದ್ದವಾಗಿದೆ. 1980ರಲ್ಲಿಯೇ ‘ಮಿಂಚಿನ ಓಟ’ವನ್ನು ನಿರ್ದೇಶಿಸಿದರು. ಕಾರು ಕದಿಯುವವರ ಕಥೆ ಅದು. ನೀತಿಯ ಮಾತನ್ನು ಎಲ್ಲಿಯೂ ಗಟ್ಟಿಯಾಗಿ ಆಡದೆ, ಸೆರೆಮನೆಯ ಗೋಡೆ, ಓಡುವ ಕಾಲು, ಸಿಕ್ಕಿಬೀಳುವ ಕ್ಷಣ ಇವುಗಳಿಂದಲೇ ಕಥೆ ಹೇಳುವ ಬಿಗಿ ಅದರಲ್ಲಿತ್ತು. ರಾಜ್ಯ ಪ್ರಶಸ್ತಿಗಳು ಒಟ್ಟಾಗಿ ಅದರ ಮೇಲೆ ಬಿದ್ದವು. ಮರುವರ್ಷ ‘ಗೀತಾ’ ಬಂದಿತು. ಇಳಯರಾಜಾ ಅವರ ಸಂಗೀತದೊಂದಿಗೆ ಅದು ಹರೆಯದವರ ಎದೆಯಲ್ಲಿ ಉಳಿಯಿತು. ಅನಂತರ ‘ಆ್ಯಕ್ಸಿಡೆಂಟ್’. ಹಣವುಳ್ಳವರ ಮಕ್ಕಳು ಮತ್ತಿನಲ್ಲಿ ಕಾರು ಓಡಿಸಿ ಬೀದಿಬದಿಯಲ್ಲಿ ಮಲಗಿದ್ದ ಬಡವರನ್ನು ಕೊಲ್ಲುವ, ಅಧಿಕಾರ ಅದನ್ನು ಮುಚ್ಚಿಹಾಕಲು ಹೊರಡುವ ಕಥೆ. ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರವನ್ನು ಇಂದು ನೋಡಿದರೂ ಹಳೆಯದೆನಿಸುವುದಿಲ್ಲ. ಅಂಥ ಸುದ್ದಿಗಳು ಪತ್ರಿಕೆಗಳಲ್ಲಿ ನಿಂತಿಲ್ಲವಾದ್ದರಿಂದ.

ಇದರ ಜೊತೆಗೆ ನಾಟಕ. ಬೆಂಗಳೂರಿನಲ್ಲಿ ಅವರು, ಅರುಂಧತಿ ಮತ್ತು ಗೆಳೆಯರು ‘ಸಂಕೇತ್’ ಎಂಬ ತಂಡವನ್ನು ಕಟ್ಟಿದರು. ‘ಸಂಧ್ಯಾಛಾಯಾ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ನಾಗಮಂಡಲ’ ಮುಂತಾದ ನಾಟಕಗಳು ಆ ತಂಡದಿಂದ ರಂಗಕ್ಕೆ ಬಂದವು. ಚಿತ್ರರಂಗದಲ್ಲಿ ಹೆಸರು ಮಾಡಿದ ನಟ ನಾಟಕಕ್ಕೆ ಬೆನ್ನು ತಿರುಗಿಸುವುದೇ ಹೆಚ್ಚಾಗಿದ್ದ ಕಾಲದಲ್ಲಿ, ಹಗಲೆಲ್ಲ ಚಿತ್ರೀಕರಣದಲ್ಲಿದ್ದು ಸಂಜೆ ತಾಲೀಮಿಗೆ ಬಂದು ನಿಲ್ಲುತ್ತಿದ್ದವರು ಶಂಕರ್. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಓಡಬೇಕಾಗಿದ್ದ ದಿನಗಳಲ್ಲಿ ‘ಸಂಕೇತ್’ ಹೆಸರಿನಲ್ಲಿಯೇ ಬೆಂಗಳೂರಿನಲ್ಲಿ ಧ್ವನಿಮುದ್ರಣ ಶಾಲೆಯೊಂದನ್ನು ತೆರೆದರು. ಬೆಂಗಳೂರಿಗೆ ನೆಲದಡಿಯ ರೈಲು ಬೇಕು, ನಂದಿಬೆಟ್ಟಕ್ಕೆ ತೂಗುಹಗ್ಗದ ದಾರಿ ಬೇಕು ಎಂಬ ಹಂಬಲಗಳು ಅವರ ತಲೆಯಲ್ಲಿ ಸದಾ ಇದ್ದವು. ಜನತಾ ಪಕ್ಷದ ಪರವಾಗಿ ಅಣ್ಣನೊಂದಿಗೆ ಪ್ರಚಾರಕ್ಕೂ ಹೋಗಿದ್ದುಂಟು. ಒಬ್ಬ ಮನುಷ್ಯ ಇಷ್ಟು ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಳ್ಳುವುದು ವಿವೇಕವೇ ಎಂದು ಕೇಳಬಹುದು. ವಿವೇಕವೋ ಅಲ್ಲವೋ, ಅದು ಅವರ ಸ್ವಭಾವವಾಗಿತ್ತು. ನಾಳೆ ಎಂಬುದರ ಕಡೆಗೆ ಮುಖ ಮಾಡಿ ನಿಂತವರು ಅವರು.

ಅಂಥವರ ಕೈಗೆ ಬಂದದ್ದು ನಿನ್ನೆಯ ಕಥೆ. ಇದೇ ಅವರ ಬಾಳಿನಲ್ಲಿ ಬೆರಗು ಹುಟ್ಟಿಸುವ ಸಂಗತಿ.

ಆರ್. ಕೆ. ನಾರಾಯಣರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1935ರಲ್ಲಿ, ಗ್ರಹಾಂ ಗ್ರೀನ್ ಅವರ ಶಿಫಾರಸಿನಿಂದ. ನಾರಾಯಣರು ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಮೈಸೂರಿನ ಮಹಾರಾಜಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಂದುದರಿಂದ ಮೈಸೂರು ಅವರ ಊರಾಯಿತು. ಭೂಪಟದಲ್ಲಿ ಎಲ್ಲಿಯೂ ಇಲ್ಲದ ಮಾಲ್ಗುಡಿಯನ್ನು ಅವರು ಸರಯೂ ನದಿಯ ದಂಡೆಯ ಮೇಲೆ, ಮೆಂಪಿ ಬೆಟ್ಟಗಳ ಸಮೀಪದಲ್ಲಿ ಕಟ್ಟಿದರು. ಸುಮಾರು ಅರ್ಧ ಶತಮಾನ ಅದು ಓದುಗರ ಮನಸ್ಸಿನಲ್ಲಿಯೇ ಇತ್ತು. 1965ರಲ್ಲಿ ‘ಗೈಡ್’ ಹಿಂದಿಯಲ್ಲಿ ಚಿತ್ರವಾದಾಗ ಮಾಲ್ಗುಡಿಯ ಕಥೆ ಮಾಲ್ಗುಡಿಯನ್ನೇ ಬಿಟ್ಟು ಉತ್ತರದ ಅರಮನೆಗಳ ಊರಿಗೆ ಹೊರಟುಹೋಯಿತು. ಚಿತ್ರ ಗೆದ್ದಿತು, ನಾರಾಯಣರ ಮನಸ್ಸು ನೊಂದಿತು. ಆ ಅಸಮಾಧಾನವನ್ನು ಅವರು ಬರೆದೂ ತೋರಿಸಿದರು. ಹೀಗಾಗಿ ಮಾಲ್ಗುಡಿಯನ್ನು ಮತ್ತೆ ತೆರೆಗೆ ತರುವವನ ಮೇಲೆ ದೊಡ್ಡ ಹೊಣೆಯೇ ಇತ್ತು. ಚೆಂದದ ಚಿತ್ರ ತೆಗೆದರೆ ಸಾಲದು, ಊರು ತಪ್ಪಬಾರದು.

ಟಿ. ಎಸ್. ನರಸಿಂಹನ್ ನಿರ್ಮಾಪಕರಾಗಿ, ಶಂಕರ್ ನಿರ್ದೇಶಕರಾಗಿ 1986ರಲ್ಲಿ ಆ ಕೆಲಸಕ್ಕೆ ಕೈಹಾಕಿದರು. ನೆಲ ಹುಡುಕಿ ಅವರು ತಲುಪಿದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ಆಲೋಚಿಸಿ ನೋಡಿದರೆ ಇದು ಸಾಹಸದ ಆಯ್ಕೆ. ನಾರಾಯಣರ ಮಾಲ್ಗುಡಿ ಬಿಸಿಲಿನ ಊರು. ನದಿಯ ಮರಳು, ಮಾರುಕಟ್ಟೆಯ ಧೂಳು, ಕಚೇರಿ ರಸ್ತೆಗಳ ಊರು. ಆಗುಂಬೆಯೋ ಘಟ್ಟದ ಅಂಚಿನ ಮಳೆನಾಡು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಸ್ಥಳ. ಆದರೆ ವಿದ್ಯುತ್ ಕಂಬಗಳ ಗೊಂದಲವಿಲ್ಲದ, ಕಾಂಕ್ರೀಟು ಮುಟ್ಟದ ಬೀದಿಯ ಎರಡೂ ಕಡೆ ಸಾಲಾಗಿ ನಿಂತ ಹೆಂಚಿನ ಮನೆಗಳು, ಕಂಬಗಳ ಜಗುಲಿ, ಒಳ ಅಂಗಳದ ದೊಡ್ಡಮನೆ ಇವು 1930ರ ದಶಕವನ್ನು ಕಟ್ಟುವ ಕಷ್ಟವನ್ನು ಅರ್ಧ ಇಳಿಸಿದವು. ಉಳಿದರ್ಧವನ್ನು ಜನ ಕಟ್ಟಿದರು. ಕಲಾನಿರ್ದೇಶಕ ಜಾನ್ ದೇವರಾಜ್ ಕುದುರೆಯೇರಿದ ಲಾಲಿ ದೊರೆಯ ಪ್ರತಿಮೆಯನ್ನು ಬೀದಿಯಲ್ಲಿ ನಿಲ್ಲಿಸಿದರು. ಎಸ್. ರಾಮಚಂದ್ರ ಛಾಯಾಗ್ರಹಣ ನೋಡಿಕೊಂಡರು. ಎಲ್. ವೈದ್ಯನಾಥನ್ ಕಟ್ಟಿದ ರಾಗ ಊರಿನ ಉಸಿರಾಯಿತು. ರೈಲು ಬಂದು ನಿಲ್ಲುವ ಮಾಲ್ಗುಡಿ ನಿಲ್ದಾಣ ಅರಸಾಳಿನಲ್ಲಿ ದೊರೆಯಿತು. ಶೀರ್ಷಿಕೆಗೆ ಬೇಕಾದ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣರವು. ಒಂದು ಕಡೆ ಕಥೆ ಬರೆದ ಅಣ್ಣ, ಚಿತ್ರ ಬರೆದ ತಮ್ಮ. ಇನ್ನೊಂದು ಕಡೆ ಮಿಠಾಯಿ ಮಾರುವ ಜಗನ್ನನಾಗಿ ನಟಿಸಿದ ಅಣ್ಣ ಅನಂತ್, ನಿರ್ದೇಶಿಸಿದ ತಮ್ಮ ಶಂಕರ್. ಎರಡು ಜೋಡಿ ಅಣ್ಣತಮ್ಮಂದಿರು ಸೇರಿ ಒಂದು ಊರನ್ನು ಎಬ್ಬಿಸಿ ನಿಲ್ಲಿಸಿದಂತಾಯಿತು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಕಟ್ಟುನಿಟ್ಟಿನ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಎಂಟು ವರ್ಷಗಳ ಹಿಂದೆ ಯಾರು ತನ್ನನ್ನು ಗಂಡುಗಲಿಯಾಗಿ ನಿರ್ದೇಶಿಸಿದ್ದರೋ ಅವರನ್ನೇ ಈಗ ಶಂಕರ್ ನಿರ್ದೇಶಿಸುತ್ತಿದ್ದರು. ಕಾರ್ನಾಡರ ಆ ಅಪ್ಪ ಮರೆಯುವಂಥವನಲ್ಲ. ಮಗ ಹೇಡಿಯಾಗಬಾರದೆಂದು ರಾತ್ರಿ ಒಂಟಿಯಾಗಿ ಕಚೇರಿ ಕೋಣೆಯಲ್ಲಿ ಮಲಗುವಂತೆ ಆಜ್ಞೆ ಮಾಡುವ ಅಪ್ಪ. ಭಯದಿಂದ ಮೇಜಿನಡಿ ಮುದುಡಿಕೊಂಡು, ಕತ್ತಲಲ್ಲಿ ಕಂಡ ಕಾಲನ್ನು ಕಚ್ಚಿ ಕಳ್ಳನನ್ನು ಹಿಡಿದುಕೊಟ್ಟು ವೀರನೆನಿಸಿಕೊಳ್ಳುವ ಮಗ. ಆ ಕಾಲದ ಪ್ರತಿಯೊಂದು ಮನೆಯಲ್ಲಿಯೂ ಇಂಥ ಅಪ್ಪ ಇದ್ದರು, ಇಂಥ ಕತ್ತಲ ಕೋಣೆ ಇತ್ತು. ಅದಕ್ಕಾಗಿಯೇ ಮಕ್ಕಳು ನಕ್ಕರು. ಅಪ್ಪಂದಿರು ಕೊಂಚ ಬೇರೆ ಕಡೆ ನೋಡಿದರು.

ಆ ಮಕ್ಕಳು ಅದನ್ನು ನೋಡಿದ ಬಗೆಯನ್ನೂ ಹೇಳಬೇಕು. ಅದಿಲ್ಲದೆ ಶಂಕರರ ಕೆಲಸದ ಅಳತೆ ತಿಳಿಯದು. ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಶುರುವಾದದ್ದು 1981ರ ನವೆಂಬರಿನಲ್ಲಿ. ಅನಂತರದ ಕೆಲವು ವರ್ಷಗಳಲ್ಲಿ ಸಣ್ಣ ಪ್ರಸಾರ ಕೇಂದ್ರಗಳು ಒಂದೊಂದೇ ಊರಿಗೆ ಬಂದವು. ಬೀದಿಗೊಂದು, ಹೆಚ್ಚೆಂದರೆ ಎರಡು ಮನೆಗಳಲ್ಲಿ ಟೀವಿ. ಹೊತ್ತಿಗೆ ಸರಿಯಾಗಿ ಮಕ್ಕಳು ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳನಡೆದು ಚಾಪೆಯ ಮೇಲೆ ಕೂರುತ್ತಿದ್ದರು. ಮಾಡಿನ ಮೇಲೆ ಒಬ್ಬ ನಿಂತು ಆಂಟೆನಾ ತಿರುಗಿಸುವನು; ಒಳಗಿನಿಂದ ಒಬ್ಬ, ಕಿಟಕಿಯಲ್ಲಿ ನಿಂತ ಇನ್ನೊಬ್ಬ, ಹೀಗೆ ಬಾಯಿಂದ ಬಾಯಿಗೆ ಚಿತ್ರ ಬಂತೋ ಹೋಯಿತೋ ಎಂಬ ಸುದ್ದಿ ಮೇಲಕ್ಕೇರುವುದು. ಮನೆಯೊಡತಿ ಗೊಣಗಿದರೂ ಕಡೆಗೆ ತಾನೂ ಒಂದು ಮೂಲೆಯಲ್ಲಿ ಕೂತುಬಿಡುವಳು. ನಡುವೆ ಕರೆಂಟು ಹೋದರೆ ಇಡೀ ಬೀದಿಯೇ ಒಟ್ಟಾಗಿ ನಿಟ್ಟುಸಿರು ಬಿಡುವುದು. ಒಮ್ಮೆ ತಪ್ಪಿದರೆ ಮತ್ತೆ ನೋಡುವ ಮಾರ್ಗವಿರಲಿಲ್ಲ. ಮರುದಿನ ಶಾಲೆಯಲ್ಲಿ ನೋಡಿದವನ ಬಾಯಿಂದ ಕಥೆ ಕೇಳಬೇಕು. ಹೇಳುವವನು ತನ್ನದನ್ನೂ ಸ್ವಲ್ಪ ಸೇರಿಸಿಯೇ ಹೇಳುತ್ತಿದ್ದ.

ಇನ್ನೂ ಒಂದು ವಿಶೇಷವಿದೆ. ಆ ಮಾಲೆ ತಯಾರಾದದ್ದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ನಮ್ಮ ಹಳ್ಳಿಯ, ಸಣ್ಣ ಊರಿನ ಮಕ್ಕಳಿಗೆ ಎರಡೂ ಅಷ್ಟಕ್ಕಷ್ಟೆ. ಆದರೂ ಅವರಿಗೆ ಸ್ವಾಮಿಯ ಮಾತು ತಿಳಿಯಿತು. ಹೆಂಚು ಕನ್ನಡದ್ದಾಗಿತ್ತು, ಜಗುಲಿ, ಅಂಗಳ, ತಾಯಿ ಸೆರಗು ಹೊದ್ದ ರೀತಿ, ಅಪ್ಪನ ಮೌನ ಎಲ್ಲವೂ ಕನ್ನಡವಾಗಿತ್ತು. ತಮಿಳು ಮನೆಮಾತಿನ ಲೇಖಕ ಇಂಗ್ಲಿಷಿನಲ್ಲಿ ಬರೆದದ್ದನ್ನು ಕೊಂಕಣಿ ಮನೆಮಾತಿನ ನಿರ್ದೇಶಕ ಮಲೆನಾಡಿನ ನೆಲದಲ್ಲಿ ಹಿಂದಿಯಲ್ಲಿ ಹೇಳಿದ. ಕನ್ನಡದ ಮಕ್ಕಳು ಅದನ್ನು ತಮ್ಮ ಮನೆಯದೆಂದು ಬಗೆದರು. ಭಾಷೆಯ ಹೆಸರಿನಲ್ಲಿ ಬೇಲಿ ಹಾಕುವವರು ಒಮ್ಮೆ ಇದನ್ನು ಆಲೋಚಿಸಬೇಕು. ಉತ್ತರದ ಮಕ್ಕಳಿಗೂ ಮಾಲ್ಗುಡಿ ತಮ್ಮದೇ ಊರೆನಿಸಿತು. ಹಿಂದಿ ನಾಡಿನ ಅದೇ ವಯಸ್ಸಿನವರ ಮುಂದೆ ಆ ರಾಗವನ್ನು ಗುನುಗಿದರೆ ಅವರ ಮುಖವೂ ಇಂದಿಗೂ ಅರಳುತ್ತದೆ.

ಈ ಕಥೆಗಳಲ್ಲಿ ದೊಡ್ಡ ಘಟನೆಗಳಿಲ್ಲ. ಶಾಲೆಗೆ ಚಕ್ಕರ್ ಹೊಡೆಯುವುದು, ಕ್ರಿಕೆಟ್ ತಂಡ ಕಟ್ಟುವುದು, ಗೆಳೆಯನೊಂದಿಗೆ ಠೂ ಬಿಡುವುದು. ಮದುವೆ ಮುರಿಯಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ತಡೆಹಿಡಿಯುವ ಅಂಚೆಯವನ ಕಥೆಯೂ ಅಲ್ಲಿತ್ತು. ಕರ್ತವ್ಯಕ್ಕೂ ಕರುಣೆಗೂ ನಡುವೆ ಸಿಕ್ಕ ಬಡವನ ಸಂಕಟ ಮಕ್ಕಳಿಗೂ ಅರ್ಥವಾಯಿತು. ಸ್ವಾಮಿಯ ಕಥೆಯ ಕೊನೆಯಲ್ಲಿ ರಾಜಂ ಊರು ಬಿಟ್ಟು ಹೋಗುತ್ತಾನೆ. ಮುನಿಸು ಇನ್ನೂ ಹರಿದಿಲ್ಲ. ಸ್ವಾಮಿ ಒಂದು ಪುಸ್ತಕ ಹಿಡಿದು ನಿಲ್ದಾಣಕ್ಕೆ ಓಡುತ್ತಾನೆ. ರೈಲು ಹೊರಟುಬಿಡುತ್ತದೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ಅವನಿಗೆ ತಿಳಿಯುವುದೇ ಇಲ್ಲ. ಬಾಳಿನಲ್ಲಿ ಕೆಲವು ವಿದಾಯಗಳು ಹೀಗೆ ಅರೆಯಾಗಿಯೇ ಉಳಿದುಬಿಡುತ್ತವೆ ಎಂಬ ಸತ್ಯವನ್ನು ಹತ್ತು ವರ್ಷದ ಮಕ್ಕಳು ಆ ಸಂಜೆ ಮೊದಲ ಬಾರಿಗೆ ಕಂಡರು. ಅದರ ಅರ್ಥ ಅವರಿಗೆ ನಾಲ್ಕು ವರ್ಷಗಳ ಬಳಿಕ ಇನ್ನಷ್ಟು ಚೆನ್ನಾಗಿ ತಿಳಿಯಬೇಕಾಗಿತ್ತು.

ಮಾಲ್ಗುಡಿ ಮುಗಿಸಿದ ಮೇಲೆ ಶಂಕರ್ ನಿಲ್ಲಲಿಲ್ಲ. 1987ರಲ್ಲಿ ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿ ‘ಒಂದು ಮುತ್ತಿನ ಕಥೆ’ಯನ್ನು ನಿರ್ದೇಶಿಸಿದರು, ಸ್ಟೀನ್‌ಬೆಕ್ ಬರೆದ ಮುತ್ತುಗಾರನ ಕಥೆ ಅದರ ಹಿಂದಿತ್ತು. 1988ರಲ್ಲಿ ‘ಸಾಂಗ್ಲಿಯಾನ’ ಅವರಿಗೆ ಪೊಲೀಸು ಅಧಿಕಾರಿಯ ಪಾತ್ರದಲ್ಲಿ ಹೊಸ ಜನಪ್ರಿಯತೆಯನ್ನು ತಂದಿತು. ನಾಟಕ, ಚಿತ್ರ, ಧ್ವನಿಮುದ್ರಣ, ಹೊಸ ಯೋಜನೆ. ರಾತ್ರಿ ಪ್ರಯಾಣ, ಹಗಲು ದುಡಿಮೆ. ನಿದ್ದೆಗೆಂದು ಪ್ರತ್ಯೇಕ ವೇಳೆ ಅವರ ದಿನಚರಿಯಲ್ಲಿ ಇದ್ದಂತೆ ತೋರುವುದಿಲ್ಲ. ಅವರಿಗೆ ಇದ್ದ ಕಾಲ ಎಷ್ಟೆಂದು ಅವರಿಗೇನೂ ತಿಳಿದಿರಲಿಲ್ಲ. ಆದರೆ ತಿಳಿದವರಂತೆ ಅವಸರಪಟ್ಟರು. ಹಿಂದಿರುಗಿ ನೋಡಿ ಹೀಗೆ ಹೇಳುವುದು ಸುಲಭ. ಅಂದು ಜೊತೆಗಿದ್ದವರಿಗೆ ಅದು ತಾರುಣ್ಯದ ಕಸುವಾಗಿಯಷ್ಟೇ ಕಂಡಿದ್ದೀತು.

1990ರ ಸೆಪ್ಟೆಂಬರ್ 30, ಭಾನುವಾರ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದ ಹೆಸರಿನದೇ ಚಿತ್ರದ ಕೆಲಸಕ್ಕೆಂದು ಅವರು ಹೆಂಡತಿ ಮಗಳೊಡನೆ ಕಾರಿನಲ್ಲಿ ಉತ್ತರದ ಕಡೆಗೆ ಹೊರಟಿದ್ದರು. ದಾವಣಗೆರೆಯ ಬಳಿ ಆನಗೋಡು ಎಂಬಲ್ಲಿ ಬೆಳಗಿನ ಜಾವ ಕಾರು ಲಾರಿಗೆ ಬಡಿಯಿತು. ಅರುಂಧತಿ ಗಂಭೀರವಾಗಿ ಗಾಯಗೊಂಡರು. ಎಳೆಯ ಮಗಳು ಬದುಕಿ ಉಳಿದಳು. ಶಂಕರ್ ಉಳಿಯಲಿಲ್ಲ. ಅಪಘಾತವನ್ನೇ ಹೆಸರಾಗಿಸಿಕೊಂಡು ಚಿತ್ರ ತೆಗೆದವರು ಅಪಘಾತಕ್ಕೆ ಬಲಿಯಾದರೆಂಬುದನ್ನು ವಿಧಿಯ ವ್ಯಂಗ್ಯವೆಂದು ಹಲವರು ಆಡಿಕೊಂಡರು. ಅಂಥ ಮಾತುಗಳಿಂದ ದುಃಖಕ್ಕೆ ಅಲಂಕಾರವಾದೀತೇ ಹೊರತು ಸಮಾಧಾನವಾಗದು.

ರಜೆಯ ದಿನವಾದ್ದರಿಂದ ಮಕ್ಕಳು ಮನೆಯಲ್ಲಿಯೇ ಇದ್ದರು. ರೇಡಿಯೋದಿಂದಲೋ ನೆರೆಯವರಿಂದಲೋ ಸುದ್ದಿ ತಿಳಿಯಿತು. ರಾಜಂ ಹೋದ ರೈಲಿನಂತೆ ಇದೂ ಹೇಳದೆ ಕೇಳದೆ ಹೊರಟುಹೋಯಿತು. ಮನೆಯಲ್ಲಿ ಮುದುಕರ ಸಾವನ್ನು ಕಂಡಿದ್ದ ಮಕ್ಕಳು ಅಂದು ತಾರುಣ್ಯವೂ ಸಾಯುತ್ತದೆಂದು ತಿಳಿದರು. ಆ ತಲೆಮಾರಿನ ಬಾಲ್ಯ ಎಂದು ಮುಗಿಯಿತೆಂದು ಕೇಳಿದರೆ ಈ ದಿನಾಂಕವನ್ನು ಹೇಳುವವರು ಸಾಕಷ್ಟು ಮಂದಿ ಸಿಗುತ್ತಾರೆ.

ಮುಂದಿನ ಕಥೆ ಅರುಂಧತಿಯವರದು. ಆಸ್ಪತ್ರೆಯ ದೀರ್ಘ ವಾಸ, ಪುಟ್ಟ ಮಗಳು, ತಲೆಯ ಮೇಲೆ ಬಿದ್ದ ಹೊರೆ. ಇವುಗಳಿಂದ ಎದ್ದು ನಿಂತು ಅವರು ಗಂಡನ ಹೆಸರಿನಲ್ಲಿ ಒಂದು ರಂಗಮಂದಿರ ಕಟ್ಟಲು ಹೊರಟರು. ವರ್ಷಗಟ್ಟಲೆ ಹಣ ಕೂಡಿಸಿದರು. ಬೆಂಗಳೂರಿನ ಜೆ. ಪಿ. ನಗರದಲ್ಲಿ 2004ರ ಅಕ್ಟೋಬರಿನಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಶಂಕರ್ ಹೋಗಿ ಹದಿನಾಲ್ಕು ವರ್ಷಗಳಾಗಿದ್ದವು. ಕಡಿಮೆ ಬಾಡಿಗೆಗೆ ಒಳ್ಳೆಯ ರಂಗ ಸಿಗಬೇಕು, ವರ್ಷವಿಡೀ ನಾಟಕ ನಡೆಯಬೇಕು ಎಂಬ ಆಸೆ ಅಲ್ಲಿ ಕಲ್ಲು ಗಾರೆಗಳ ರೂಪ ತಳೆಯಿತು. ಅಣ್ಣ ಅನಂತ್ ತಮ್ಮನ ಕುರಿತು ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕವನ್ನು ಬರೆದರು. ಬೆಂಗಳೂರಿನ ಮೆಟ್ರೊ ರೈಲು 2011ರಲ್ಲಿ ಓಡತೊಡಗಿದಾಗ ಜನ ಮೊದಲು ನೆನೆದ ಹೆಸರುಗಳಲ್ಲಿ ಶಂಕರರದೂ ಒಂದು. ಅರಸಾಳಿನ ಹಳೆಯ ನಿಲ್ದಾಣ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಆಗುಂಬೆಯ ದೊಡ್ಡಮನೆಯನ್ನು ಹುಡುಕಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ಹೆಚ್ಚಿನವರು ಮಧ್ಯವಯಸ್ಸಿನವರು, ಜೊತೆಯಲ್ಲಿ ಮಕ್ಕಳಿರುತ್ತಾರೆ. ತಂದೆತಾಯಿ ಜಗುಲಿಯ ಕಂಬವನ್ನು ಮುಟ್ಟಿ ಏಕೆ ಮೌನವಾಗುತ್ತಾರೆಂಬುದು ಆ ಮಕ್ಕಳಿಗೆ ಅರ್ಥವಾಗುವುದಿಲ್ಲ.

ನಾವು ಕೂಡ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಈ ಮೌನದಲ್ಲಿ ನಾವು ನೆನೆಯುತ್ತಿರುವುದು ಶಂಕರರನ್ನೋ, ನಮ್ಮನ್ನೇ ನಾವೋ? ಬಾಲ್ಯದ ನೆನಪು ಸಿಹಿಯಾದದ್ದು. ಆದರೆ ಅದು ಸೋಮಾರಿಯನ್ನಾಗಿಯೂ ಮಾಡಬಲ್ಲದು. ಅಂದಿನ ಕಾಲವೇ ಚೆನ್ನಾಗಿತ್ತು, ಅಂದಿನ ಜನವೇ ಒಳ್ಳೆಯವರು, ಅಂಥದು ಇನ್ನು ಬಾರದು ಎಂದು ಕೈಕಟ್ಟಿ ಕೂರುವುದಕ್ಕೆ ಅದು ನೆಪವಾಗುತ್ತದೆ. ಹಾಗೆ ನೋಡಿದರೆ ಅಂದಿನ ಕಾಲವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಮದರಾಸಿಗೆ ಹೋಗದೆ ಒಂದು ಹಾಡು ಮುದ್ರಣವಾಗುತ್ತಿರಲಿಲ್ಲ, ನಾಟಕಕ್ಕೆ ತಕ್ಕ ರಂಗವಿರಲಿಲ್ಲ, ಬೀದಿಯಲ್ಲಿ ಮಲಗಿದವನ ಮೇಲೆ ಕಾರು ಹರಿದರೆ ಕೇಳುವವರಿರಲಿಲ್ಲ. ಇದನ್ನೆಲ್ಲ ಕಂಡು ಸುಮ್ಮನಿರಲಾರದೆ ಓಡಾಡಿದವರು ಶಂಕರ್. ನಮಗೆ ಹಂಬಲಿಸಲು ಒಂದು ಸುಂದರವಾದ ನಿನ್ನೆಯನ್ನು ಕಟ್ಟಿಕೊಟ್ಟವರಿಗೆ ತಮ್ಮ ನಿನ್ನೆಯನ್ನು ಹಂಬಲಿಸುವಷ್ಟು ಆಯುಷ್ಯವೇ ಸಿಗಲಿಲ್ಲ. ಮಧ್ಯವಯಸ್ಸಿನ ಜಗುಲಿಯಲ್ಲಿ ಕೂತು ಹಳೆಯದನ್ನು ಮೆಲುಕು ಹಾಕುವ ಸುಖ ಅವರ ಪಾಲಿಗೆ ಬರಲಿಲ್ಲ. ಆ ಸುಖವನ್ನು ನಾವು ಅನುಭವಿಸುತ್ತಿದ್ದೇವೆ. ಅದರ ಸಾಲ ನಮ್ಮ ಮೇಲಿದೆ.

ಸಾಲ ತೀರಿಸುವ ಬಗೆ ಕಷ್ಟದ್ದೇನಲ್ಲ. ಮಕ್ಕಳನ್ನು ಒಂದು ಸಂಜೆ ನಾಟಕಕ್ಕೆ ಕರೆದೊಯ್ಯಬಹುದು. ಶಾಲೆಯಲ್ಲಿ ಹುಡುಗರು ನಾಟಕವಾಡುತ್ತೇವೆಂದರೆ ಪರೀಕ್ಷೆಯ ಮಾತೆತ್ತದೆ ಒಪ್ಪಬಹುದು. ನಾರಾಯಣರ ಪುಸ್ತಕವನ್ನು ಅವರ ಕೈಗಿಟ್ಟು, ತೆರೆಯ ಮೇಲೆ ಕಂಡ ಊರು ಮೊದಲು ಅಕ್ಷರದಲ್ಲಿ ಹೇಗಿತ್ತೆಂದು ಅವರೇ ನೋಡಿಕೊಳ್ಳುವಂತೆ ಮಾಡಬಹುದು. ಇಂದಿನ ಮಕ್ಕಳಿಗೂ ಮುಂದೊಂದು ದಿನ ಐವತ್ತಾಗುತ್ತದೆ. ಅಂದು ಅವರು ನೆನೆಯುವುದಕ್ಕೂ ಒಂದು ಊರು ಬೇಕು. ಅದನ್ನು ಯಾರಾದರೂ ಈಗಲೇ ಕಟ್ಟಬೇಕು. ಆಗುಂಬೆಯ ಮಳೆಯಲ್ಲಿ ಕೆಸರು ತುಳಿಯುತ್ತ ನಿಂತು ಆ ಕೆಲಸ ಮಾಡಿದಾಗ ಶಂಕರ್ ನಾಗ್ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ.